ಟೀ ಅಂಗಡಿಯ ಕಂಪ್ಯೂಟರ್

ಕಚೇರಿ ಲೆಕ್ಕಕ್ಕೆಂದು ನಿತ್ಯ ದುಡಿದ ಮೊದಲ ಕಂಪ್ಯೂಟರ್ ಬ್ಯಾಂಕಿನದ್ದಲ್ಲ, ಉಕ್ಕಿನ ಕಾರ್ಖಾನೆಯದ್ದೂ ಅಲ್ಲ. ಟೀ, ಬನ್ನು, ಕೇಕು ಮಾರುತ್ತಿದ್ದ ಲಂಡನ್ನಿನ ಜೆ. ಲಯನ್ಸ್ ಕಂಪನಿಯದ್ದು. ಹೆಸರು ಲಿಯೋ.

ಕೇಂಬ್ರಿಜ್‌ನ ಎಡ್‌ಸ್ಯಾಕ್ ಕಂಪ್ಯೂಟರಿಗೆ ಹಣದ ನೆರವು ಕೊಟ್ಟ ಕಂಪನಿ, ಅದೇ ಮಾದರಿಯಲ್ಲಿ ತನ್ನದೊಂದನ್ನು ಕಟ್ಟಿಕೊಂಡಿತು. ಜಾನ್ ಪಿಂಕರ್ಟನ್ ಯಂತ್ರ ಕಟ್ಟಿದರು. ಡೇವಿಡ್ ಕ್ಯಾಮಿನರ್ ಅದಕ್ಕೆ ಕೆಲಸ ಕಲಿಸಿದರು. ಒಳಗೆ ಸಾವಿರಾರು ವಾಲ್ವ್‌ಗಳು. ನೆನಪಿಟ್ಟುಕೊಳ್ಳಲು ಪಾದರಸದ ಕೊಳವೆಗಳು. 1951ರ ನವೆಂಬರಿನಲ್ಲಿ ಅದು ಬೇಕರಿ ಲೆಕ್ಕಕ್ಕೆ ಕೂತಿತು.

ನಿಜವಾದ ಜಾಣ್ಮೆ ಕಂಡದ್ದು 1954ರಲ್ಲಿ. ಕಂಪನಿಯ ಯಾವ ಟೀ ಅಂಗಡಿಗೆ ದಿನಕ್ಕೆ ಏನೇನು, ಎಷ್ಟೆಷ್ಟು ಎಂಬ ಮಾಮೂಲಿ ಪಟ್ಟಿ ಮೊದಲೇ ಸಿದ್ಧವಿರುತ್ತಿತ್ತು. ಅಂಗಡಿ ನೋಡಿಕೊಳ್ಳುವಾಕೆ ಅದರಲ್ಲಿ ಹೆಚ್ಚು-ಕಡಿಮೆ ಆಗಬೇಕಾದ್ದನ್ನಷ್ಟೇ ಫೋನಿನಲ್ಲಿ ಹೇಳಿದರಾಯಿತು. ಅತ್ತ ಕಚೇರಿಯಲ್ಲಿ ಅದನ್ನು ಕೇಳುತ್ತಲೇ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದರು. ಹಾಲಿನವನಿಗೆ ‘ನಾಳೆ ಅರ್ಧ ಲೀಟರ್ ಜಾಸ್ತಿ ಹಾಕಪ್ಪ’ ಎಂದಷ್ಟೇ ಹೇಳುತ್ತೇವಲ್ಲ, ಥೇಟ್ ಹಾಗೆ! ಉಳಿದದ್ದು ಲಿಯೋ ಪಾಲು: ಬೇಕರಿಯಲ್ಲಿ ಒಟ್ಟು ಎಷ್ಟು ಬೇಯಿಸಬೇಕು, ಯಾವ ಅಂಗಡಿಗೆ ಏನನ್ನು ಕಟ್ಟಿ ಕಳಿಸಬೇಕು ಎಂಬುದೆಲ್ಲ ಅಚ್ಚಾಗಿ ಹೊರಬರುತ್ತಿತ್ತು.

ಮಳೆ ಬಂದು ಗಿರಾಕಿ ಕಡಿಮೆಯಾದರೆ ಕೇಕು ಹಳಸುತ್ತದೆ, ಬಿಸಿಲು ಬಿದ್ದರೆ ಸಾಲುವುದಿಲ್ಲ. ಅದನ್ನು ಅಂದಾಜಿಸುವ ಕೆಲಸವನ್ನು ಅಂಗಡಿಯಾಕೆಗೇ ಬಿಟ್ಟರಲ್ಲ, ಮೆಚ್ಚಬೇಕಾದ್ದು ಅದನ್ನೇ. ಇಷ್ಟನ್ನೂ ನಿಭಾಯಿಸಿದ ಯಂತ್ರದ ನೆನಪು ಬರೀ 2,048 ‘ಪದ’ಗಳದ್ದು (ಒಂದು ಪದವೆಂದರೆ ಒಂದು ಸಂಖ್ಯೆ ಹಿಡಿಸುವಷ್ಟು ಜಾಗ); ಇವತ್ತಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.