ಎಂಟರಿಂದ ಎರಡಕ್ಕೆ ಇಳಿದ ಕಣ್ಗಾವಲು

ನ್ಯೂಜೆರ್ಸಿಯ ಮೆಟುಚೆನ್ ಊರನ್ನು ಸುತ್ತುವರಿದಿರುವ ಎಡಿಸನ್‌ನ ಕಂಪನಿಯೊಂದು 2025ರ ಜುಲೈನಲ್ಲಿ ‘ಡೀಪ್’ ಬ್ರ್ಯಾಂಡಿನ ಫ್ರೋಜನ್ ಮೊಳಕೆ ಹೆಸರುಕಾಳು, ಮಡಿಕೆಕಾಳುಗಳನ್ನು ಅಂಗಡಿಗಳಿಂದ ವಾಪಸು ತರಿಸಿಕೊಂಡಿತು. ಕಾರಣ ಸಾಲ್ಮೊನೆಲ್ಲಾ ರೋಗಾಣು. ಮಾಂಸ ಮುಟ್ಟದ ಮನೆಗೆ ಇಂಥ ಸೋಂಕುಗಳ ಭಯವಿಲ್ಲ ಎಂಬ ನಮ್ಮವರ ನಂಬಿಕೆಗೆ ಆಧಾರವಿಲ್ಲ. 2006ರಲ್ಲಿ ಪಕ್ಕದ ಸೌತ್ ಪ್ಲೇನ್‌ಫೀಲ್ಡ್‌ನ ಟ್ಯಾಕೋ ಬೆಲ್‌ನಲ್ಲಿ ಮೊದಲು ಕಾಣಿಸಿಕೊಂಡ ಇ. ಕೋಲಿ ಸೋಂಕು ಐದು ರಾಜ್ಯಗಳ 71 ಜನರನ್ನು ಕಾಡಿತು. ಎಂಟು ಮಂದಿಯ ಮೂತ್ರಪಿಂಡಕ್ಕೇ ಪೆಟ್ಟು ಬಿತ್ತು. ಅಲ್ಲಿ ಅನುಮಾನ ಬಿದ್ದದ್ದು ಹೆಚ್ಚಿದ ಲೆಟಿಸ್ ಸೊಪ್ಪಿನ ಮೇಲೆ.

ಮೊಳಕೆಕಾಳು ವಾಪಸಾದ ಅದೇ ಜುಲೈನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ತನ್ನ ‘ಫುಡ್‌ನೆಟ್’ ಜಾಲವನ್ನು ಕುಗ್ಗಿಸಿತು. 1996ರಲ್ಲಿ ಕೆಲಸ ಆರಂಭಿಸಿದ ಈ ಜಾಲದ ಹೆಚ್ಚುಗಾರಿಕೆ ಇಷ್ಟು: ವರದಿ ಬರಲೆಂದು ಕಾಯದೆ, ಹತ್ತು ರಾಜ್ಯಗಳ ಲ್ಯಾಬುಗಳನ್ನು ತಾನೇ ವಿಚಾರಿಸಿ ರೋಗಿಗಳನ್ನು ಎಣಿಸುತ್ತದೆ. ಹಾಗಾಗಿ ಸೋಂಕು ನಿಜಕ್ಕೂ ಏರಿದೆಯೋ, ಪರೀಕ್ಷೆಗಳಷ್ಟೇ ಹೆಚ್ಚಿವೆಯೋ ಎಂದು ಹೇಳಲು ಅದರ ಬಳಿ ಆಧಾರವಿತ್ತು. ಈಗ ಕಡ್ಡಾಯ ಪಟ್ಟಿಯಲ್ಲಿದ್ದ ಎಂಟು ರೋಗಾಣುಗಳಲ್ಲಿ ಉಳಿದಿರುವುದು ಎರಡೇ: ಸಾಲ್ಮೊನೆಲ್ಲಾ ಮತ್ತು ಶಿಗಾ ವಿಷದ ಇ. ಕೋಲಿ.

ಬಿಟ್ಟುಹೋದವುಗಳಲ್ಲಿ ಲಿಸ್ಟೀರಿಯಾ ಇದೆ. ಈ ನಿರ್ಧಾರವನ್ನು ನಾನು ಒಪ್ಪಲಾರದೆ ಹೋಗುವುದು ಇಲ್ಲೇ. ಸಿಡಿಸಿಯ 2011ರ ಅಂದಾಜಿನಂತೆ, ಆಹಾರದಿಂದ ಸಾಲ್ಮೊನೆಲ್ಲಾ ತಗಲುವವರು ವರ್ಷಕ್ಕೆ ಸುಮಾರು 10 ಲಕ್ಷ, ಸಾಯುವವರು 380ರಷ್ಟು. ಲಿಸ್ಟೀರಿಯಾ ತಗಲುವುದು ಬರೀ 1,600 ಜನಕ್ಕೆ, ಸಾಯುವವರು ಮಾತ್ರ 255. ಬಸುರಿಗೆ ಸಣ್ಣ ಜ್ವರದಂತೆ ಬಂದು ಹೊಟ್ಟೆಯಲ್ಲಿರುವ ಮಗುವನ್ನೇ ಕೊಲ್ಲಬಲ್ಲ ಸೋಂಕು ಇದು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. 2024ರಲ್ಲಿ ಬೋರ್ಸ್ ಹೆಡ್ ಕಂಪನಿಯ ಮಾಂಸದಿಂದ ಕಾಯಿಲೆ ಬಿದ್ದವರು 61. ಆಸ್ಪತ್ರೆ ಸೇರಿದವರು 60, ಸತ್ತವರು 10.

ಲಿಸ್ಟೀರಿಯಾವನ್ನು ಬೇರೆ ವ್ಯವಸ್ಥೆಗಳು ಗಮನಿಸುತ್ತಿವೆ ಎಂಬುದು ಸಿಡಿಸಿಯ ಸಮರ್ಥನೆ. ಅದು ಸುಳ್ಳಲ್ಲ. ಆದರೆ ಅವು ಬಂದ ವರದಿಯನ್ನು ನೆಚ್ಚಿಕೊಂಡವು. ವರದಿ ಇಳಿದರೆ ರೋಗ ಇಳಿಯಿತೋ, ಹುಡುಕುವವರು ಕಡಿಮೆಯಾದರೋ ತಿಳಿಯುವುದು ಹೇಗೆ? ನ್ಯೂಜೆರ್ಸಿಯಂತೂ ಆ ಹತ್ತು ರಾಜ್ಯಗಳಲ್ಲಿ ಇಲ್ಲ. ಮೆಟುಚೆನ್‌ನಂಥ ಊರಿನವರು ತಮ್ಮ ಅಪಾಯವನ್ನು ಅಳೆಯಬೇಕಾದದ್ದು ಬೇರೆ ರಾಜ್ಯಗಳ ಆ ಲೆಕ್ಕದಿಂದಲೇ.

ಜಾಲ ಕುಗ್ಗಿಸಲು ಹಣದ ಕೊರತೆ ನಿಜವಾದ ಕಾರಣವೇ ಇರಬಹುದು. ಆದರೂ ಕಡ್ಡಾಯ ಪಟ್ಟಿಗೆ ಲಿಸ್ಟೀರಿಯಾ ಮರಳಬೇಕು. ಆ ಜಾಲಕ್ಕೆ ಸಿಗುತ್ತಿದ್ದ ಅದರ ಪ್ರಕರಣಗಳು ವರ್ಷಕ್ಕೆ 130ರ ಆಸುಪಾಸು ಮಾತ್ರ.