ಅನುದಾನದ ಷರತ್ತು ಮತ್ತು ಮುಕ್ತ ಪ್ರಕಟಣೆ: 2014ರ ಭಾರತೀಯ ನೀತಿಯ ಪರಿಶೀಲನೆ

ಸಾರ್ವಜನಿಕರ ತೆರಿಗೆಯ ಹಣದಿಂದ ನಡೆದ ಸಂಶೋಧನೆಯ ಫಲ ಸಾರ್ವಜನಿಕರಿಗೆ ಓದಲು ಸಿಗಬೇಕೆಂಬ ತತ್ತ್ವವನ್ನು ಇಂದು ಯಾರೂ ನೇರವಾಗಿ ಅಲ್ಲಗಳೆಯುವುದಿಲ್ಲ. ಭಿನ್ನಾಭಿಪ್ರಾಯ ಏಳುವುದು ಆ ತತ್ತ್ವವನ್ನು ಅನುದಾನದ ಷರತ್ತಾಗಿ ಬರೆಯುವಾಗ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳು 2014ರ ಡಿಸೆಂಬರಿನಲ್ಲಿ ಜಂಟಿಯಾಗಿ ಹೊರಡಿಸಿದ ಮುಕ್ತ ಪ್ರವೇಶ ನೀತಿ ಅಂಥದೊಂದು ಬರವಣಿಗೆ. ಕೆಲವೇ ಪುಟಗಳ ಈ ದಸ್ತಾವೇಜು ಅನಂತರ ಬಂದ ಹೆಚ್ಚು ಪ್ರಸಿದ್ಧವಾದ ಯುರೋಪಿನ ಯೋಜನೆಗಿಂತ ವಿವೇಕಯುತವಾಗಿತ್ತು. ಅದು ಸೋತದ್ದು ವಿಚಾರದಲ್ಲಿ ಅಲ್ಲ, ಪಾಲನೆಯ ವ್ಯವಸ್ಥೆಯಲ್ಲಿ.

ನೀತಿಯ ವಿಧಾನ ಸರಳವಾದುದು. ಈ ಇಲಾಖೆಗಳಿಂದ ಪೂರ್ಣವಾಗಿಯೋ ಭಾಗಶಃವೋ ಅನುದಾನ ಪಡೆದ ಸಂಶೋಧಕರು ತಮಗೆ ಸೂಕ್ತವೆನಿಸಿದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಬಹುದು. ಆದರೆ ತಜ್ಞರ ಪರಿಶೀಲನೆ ಮುಗಿದು ಪತ್ರಿಕೆ ಅಂಗೀಕರಿಸಿದ ಅಂತಿಮ ಹಸ್ತಪ್ರತಿಯನ್ನು ತಮ್ಮ ಸಂಸ್ಥೆಯ ವಿದ್ಯುನ್ಮಾನ ಭಂಡಾರದಲ್ಲಿಯೋ ಇಲಾಖೆಗಳ ಕೇಂದ್ರ ಭಂಡಾರದಲ್ಲಿಯೋ ಇರಿಸಬೇಕು. ಪ್ರಕಾಶಕರು ಕಾಲಾವಧಿಯ ನಿರ್ಬಂಧ ಹೇರಿದ್ದರೆ ಪ್ರತಿಯನ್ನು ಕೂಡಲೇ ಇರಿಸಿ, ಅವಧಿ ತೀರಿದ ಮೇಲೆ ಓದುಗರಿಗೆ ತೆರೆಯಬೇಕು. ಲೇಖಕರಿಂದ ಪತ್ರಿಕೆಗಳು ವಸೂಲು ಮಾಡುವ ಪ್ರಕಟಣ ಶುಲ್ಕದ ಹೊಣೆಯನ್ನು ಇಲಾಖೆಗಳು ಹೊರುವುದಿಲ್ಲವೆಂದೂ ನೀತಿ ಸ್ಪಷ್ಟಪಡಿಸಿತು. ಇದಕ್ಕಿಂತ ಗಮನಾರ್ಹವಾದುದು ಇನ್ನೊಂದು ಮಾತು: ಪತ್ರಿಕೆಯ ಪ್ರಭಾವಾಂಕವನ್ನು ಬಿಡಿ ಲೇಖನದ ಗುಣಮಟ್ಟಕ್ಕಾಗಲಿ, ನೇಮಕಾತಿ, ಬಡ್ತಿ, ಅನುದಾನಗಳ ತೀರ್ಮಾನಕ್ಕಾಗಲಿ ಅಳತೆಗೋಲಾಗಿಸಬಾರದೆಂಬ ಸಲಹೆ. ಮುಕ್ತ ಪ್ರವೇಶದ ನೀತಿಯಲ್ಲಿ ಈ ಮಾತಿಗೇನು ಕೆಲಸವೆಂದು ಮೇಲ್ನೋಟಕ್ಕೆ ತೋರಬಹುದು. ದುಬಾರಿ ಪತ್ರಿಕೆಗಳ ಹಿಡಿತ ನಿಂತಿರುವುದೇ ಆ ಅಂಕದ ಮೇಲೆ ಎಂಬುದನ್ನು ನೀತಿಯನ್ನು ರೂಪಿಸಿದವರು ಅರಿತಿದ್ದರು.

ಈ ವಿಧಾನಕ್ಕೆ ನೆಲದ ಅನುಭವವೂ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿಯೇ ತನ್ನ ಅಧ್ಯಾಪಕರ ಲೇಖನಗಳಿಗಾಗಿ ದೇಶದ ಮೊದಲ ಸಾಂಸ್ಥಿಕ ಭಂಡಾರವನ್ನು ತೆರೆದಿತ್ತು. (ತಂತ್ರಾಂಶ ಇಂಗ್ಲೆಂಡಿನ ಸೌಥಾಂಪ್ಟನ್ ವಿಶ್ವವಿದ್ಯಾಲಯದ್ದು, ಅದನ್ನು ಬಳಕೆಗೆ ತಂದ ಶ್ರಮ ಇಲ್ಲಿನ ಗ್ರಂಥಾಲಯ ಸಿಬ್ಬಂದಿಯದು.) ಅದೇ ನಗರದ ಭಾರತೀಯ ವಿಜ್ಞಾನ ಅಕಾಡೆಮಿ ಲೇಖಕರಿಂದ ಶುಲ್ಕ ಪಡೆಯದೆ ತನ್ನ ಪತ್ರಿಕೆಗಳನ್ನು ಜಾಲತಾಣದಲ್ಲಿ ಓದಲು ಒದಗಿಸುತ್ತ ಬಂದಿದೆ. ಓದುಗರೂ ಹಣ ಕೊಡದೆ, ಬರೆದವರೂ ಹಣ ಕೊಡದೆ ಜ್ಞಾನಪ್ರಸಾರ ನಡೆಯಬಲ್ಲದೆಂಬುದಕ್ಕೆ ಈ ಎರಡು ನಿದರ್ಶನಗಳು ಸಾಕು.

ಹಾಗಿದ್ದೂ ಷರತ್ತು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. ಇದರ ಕಾರಣವನ್ನು ತಿಳಿಯಲು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಇತಿಹಾಸ ನೆರವಾಗುತ್ತದೆ. 2005ರಲ್ಲಿ ಆ ಸಂಸ್ಥೆ ತನ್ನ ಅನುದಾನಿತರಿಗೆ ಲೇಖನಗಳನ್ನು ಸಾರ್ವಜನಿಕ ಭಂಡಾರದಲ್ಲಿರಿಸುವಂತೆ ವಿನಂತಿ ಮಾಡಿಕೊಂಡಿತು. ಮೊದಲ ತಿಂಗಳುಗಳಲ್ಲಿ ಹಾಗೆ ಬಂದ ಲೇಖನಗಳ ಪ್ರಮಾಣ ಶೇಕಡ ನಾಲ್ಕನ್ನೂ ಮುಟ್ಟಲಿಲ್ಲ. 2008ರಲ್ಲಿ ಕಾನೂನಿನ ಬಲದಿಂದ ವಿನಂತಿ ಕಡ್ಡಾಯವಾಯಿತು. 2013ರಿಂದ, ಹಿಂದಿನ ಲೇಖನಗಳನ್ನು ಇರಿಸದವರ ಅನುದಾನದ ಮುಂದಿನ ಕಂತನ್ನು ತಡೆಹಿಡಿಯುವ ಕ್ರಮವೂ ಸೇರಿತು. ಕೊನೆಗೆ 2025ರ ಜುಲೈಯಿಂದ ಹನ್ನೆರಡು ತಿಂಗಳ ಕಾಯುವಿಕೆಯೂ ರದ್ದಾಯಿತು. ವಿನಂತಿಯಿಂದ ಆಜ್ಞೆಗೆ, ಆಜ್ಞೆಯಿಂದ ಲೆಕ್ಕಪರಿಶೀಲನೆಗೆ ಸಾಗಿದ ಈ ಹಾದಿಯಲ್ಲಿ ಫಲ ಕೊಟ್ಟದ್ದು ಕೊನೆಯ ಹೆಜ್ಜೆಗಳು. ಹೊಸ ಅನುದಾನ ಕೋರುವವರು ಹಿಂದಿನ ಲೇಖನಗಳ ಠೇವಣಿ ಸಂಖ್ಯೆಯನ್ನು ನಮೂದಿಸಬೇಕೆಂಬ ಮಾತು ಭಾರತದ ನೀತಿಯಲ್ಲಿಯೂ ಇದೆ. ಆದರೆ ನಮೂದಿಸದಿದ್ದರೆ ಏನಾಗುತ್ತದೆಂಬುದನ್ನು ಅದು ಹೇಳುವುದಿಲ್ಲ. ಶಿಕ್ಷೆಯನ್ನು ಬಯಸದ ಸೌಜನ್ಯ ಇದೆಂದು ಸಮರ್ಥಿಸಬಹುದಾದರೂ, ಸೌಜನ್ಯದ ಭಾಷೆಯಲ್ಲಿ ಬರೆದ ಷರತ್ತನ್ನು ಸಂಶೋಧಕರು ಸೌಜನ್ಯದಿಂದಲೇ ಮರೆತರು.

ಯುರೋಪಿನಲ್ಲಿ ಸಮಸ್ಯೆ ಬೇರೆ ರೂಪ ತಾಳಿತು. 2018ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹಲವು ಅನುದಾನ ಸಂಸ್ಥೆಗಳು ಘೋಷಿಸಿ 2021ರಿಂದ ಜಾರಿಗೊಳಿಸಿದ ‘ಪ್ಲಾನ್ ಎಸ್’ ತಕ್ಷಣದ ಮುಕ್ತ ಪ್ರಕಟಣೆಯನ್ನು ಕಡ್ಡಾಯಗೊಳಿಸಿತು. ಭಂಡಾರದ ದಾರಿ ಅದರಲ್ಲಿಯೂ ಇದೆ; ಆದರೆ ಶುಲ್ಕವನ್ನು ತುಂಬಿಕೊಡುವ ವಾಗ್ದಾನದಿಂದಾಗಿ ಶುಲ್ಕದ ದಾರಿಯೇ ರಾಜಮಾರ್ಗವಾಯಿತು. ‘ನೇಚರ್’ ಪತ್ರಿಕೆ 2021ರಲ್ಲಿ ಒಂದು ಲೇಖನವನ್ನು ಮುಕ್ತವಾಗಿ ಪ್ರಕಟಿಸಲು 9,500 ಯೂರೋ ನಿಗದಿಪಡಿಸಿದ್ದು ಈ ಬೆಳವಣಿಗೆಯ ಅತಿರೇಕ. ಓದುವವರ ಮುಂದಿದ್ದ ಗೋಡೆ ಬರೆಯುವವರ ಮುಂದಕ್ಕೆ ಸರಿಯಿತು. 2019ರ ಫೆಬ್ರವರಿಯಲ್ಲಿ ಈ ಯೋಜನೆಯನ್ನು ಸೇರುವುದಾಗಿ ಹೇಳಿದ್ದ ಭಾರತ ಅದೇ ವರ್ಷ ಹಿಂದೆ ಸರಿದುದು ಉಚಿತವಾಗಿಯೇ ಇತ್ತು. ಗೇಟ್ಸ್ ಪ್ರತಿಷ್ಠಾನವು 2025ರಿಂದ ಪ್ರಕಟಣ ಶುಲ್ಕ ತೆರುವುದನ್ನೇ ನಿಲ್ಲಿಸಿದಾಗ ಭಾರತದ ಇಲಾಖೆಗಳು ಹತ್ತು ವರ್ಷ ಮೊದಲೇ ತಳೆದ ನಿಲುವಿಗೆ ಅನಿರೀಕ್ಷಿತ ಮನ್ನಣೆ ದೊರೆಯಿತು.

ವಿಪರ್ಯಾಸವೆಂದರೆ ಅಷ್ಟರಲ್ಲಿ ದೆಹಲಿಯ ಗಮನ ಬೇರೆಡೆ ಹೊರಳಿತ್ತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಮೀಸಲಿರಿಸಿತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಲಭ್ಯವಾಗುವ ಈ ವ್ಯವಸ್ಥೆ ಸಣ್ಣ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ನಿಜವಾದ ಅನುಕೂಲ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಇದು ಮುಕ್ತ ಪ್ರವೇಶವಲ್ಲ, ದೊಡ್ಡ ಪ್ರಮಾಣದ ಚಂದಾ. ಖಾಸಗಿ ಕಾಲೇಜಿನ ಅಧ್ಯಾಪಕರು, ಸ್ವಂತ ಚಿಕಿತ್ಸಾಲಯ ನಡೆಸುವ ವೈದ್ಯರು, ನಿವೃತ್ತ ವಿದ್ವಾಂಸರು ಇದರ ಹೊರಗೇ ಉಳಿಯುತ್ತಾರೆ. ತಮ್ಮದೇ ದೇಶದ ಅನುದಾನದಿಂದ ಹುಟ್ಟಿದ ಲೇಖನವನ್ನೂ ಅವರು ಓದಲಾರರು. 2014ರ ಷರತ್ತು ಪಾಲನೆಯಾಗಿದ್ದರೆ ಆ ಲೇಖನವಾದರೂ ಅವರಿಗೆ ಸಿಗುತ್ತಿತ್ತು. ಚಂದಾದ ಒಪ್ಪಂದ 2027ರ ಕೊನೆಗೆ ಮತ್ತೆ ಚೌಕಾಸಿಗೆ ಬರುತ್ತದೆ. ಭಂಡಾರದಲ್ಲಿರಿಸಿದ ಹಸ್ತಪ್ರತಿಗೆ ಅಂಥ ಗಡುವಿಲ್ಲ.