ಬೆಟ್ಟದ ವಯಸ್ಸು ಹೇಳಿದರೆ ಸಾಕೆ?

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹತ್ತುವವರಿಗೆ ಕೆಂಪೇಗೌಡರ ಕೋಟೆಯ ಕಥೆ ಗೊತ್ತು. 1791ರ ಡಿಸೆಂಬರಿನಲ್ಲಿ ಬ್ರಿಟಿಷರು ಅದನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡದ್ದೂ ಕೆಲವರಿಗೆ ಗೊತ್ತು. ಕಾಲಡಿಯ ಬಂಡೆಯ ಕಥೆ ಹೇಳಬೇಕಾದವರು ಭೂವಿಜ್ಞಾನಿಗಳು. ಅವರು ಹೇಳುವ ಧಾಟಿ ನೋಡಬೇಕೆಂದರೆ ಲಾಲ್‌ಬಾಗಿಗೆ ಹೋಗಬೇಕು.

ಅಲ್ಲಿನ ಬಂಡೆಯ ಬಳಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಫಲಕವಿದೆ. ಬಂಡೆಗೆ 300 ಕೋಟಿ ವರ್ಷ. ಆಮೇಲೆ ಬಯೊಟೈಟ್, ಗ್ರಾನೊಡಯೊರೈಟ್, ನೈಸ್. ಮಾಹಿತಿಯೇನೋ ಸರಿಯೇ. ಆದರೆ ಬರೆದವರ ಕಣ್ಣೆದುರು ಇದ್ದದ್ದು ಅವರದೇ ಇಲಾಖೆಯವರು, ವಾಕಿಂಗಿಗೆ ಬಂದವರಲ್ಲ. ನಾವು ಅಂಕಿ ಓದಿ ‘ಅಬ್ಬಾ’ ಎಂದು ಮುಂದೆ ಹೋಗುತ್ತೇವೆ. ಜಿರ್ಕಾನ್ ಎಂಬ ಪುಟ್ಟ ಹರಳಿನಲ್ಲಿ ಎಷ್ಟು ಯುರೇನಿಯಂ ಸೀಸವಾಗಿದೆ ಎಂದು ಅಳೆದು ಇಂಥ ವಯಸ್ಸು ಹೇಳುತ್ತಾರೆ ಎಂಬ ಒಂದು ಸಾಲು ಬೇಕಿತ್ತು. ಅದಿಲ್ಲದೆ 300 ಕೋಟಿಯೂ ಪುರಾಣದ ಯುಗದ ಲೆಕ್ಕದಂತೆಯೇ ಕೇಳಿಸುತ್ತದೆ.

ದುರ್ಗದ ಬುಡದಲ್ಲಿ ನಿಂತವರು ಕೇಳುವುದೇ ಬೇರೆ: ಸುತ್ತಲೂ ಬಯಲಿರುವಾಗ ಇದೊಂದು ಹೇಗೆ ಎದ್ದಿತು? ಎದ್ದದ್ದಲ್ಲ, ಉಳಿದದ್ದು. ಬಿರುಕು ಹೆಚ್ಚಿದ್ದ ಸುತ್ತಲಿನ ಕಲ್ಲು ನೀರು ಕುಡಿದು ಕೊಳೆತು ಮಣ್ಣಾಗಿ ಕೊಚ್ಚಿಹೋಯಿತು. ಬಿರುಕು ಕಡಿಮೆಯಿದ್ದ ಬಂಡೆ ನಿಂತಿತು. ಮೇಲಿನ ಭಾರ ಇಳಿದಂತೆ ಅದೂ ಪದರ ಪದರವಾಗಿ ಏಳುತ್ತದೆ. ಆ ಪದರವನ್ನೇ ಬೆಂಕಿ ಹಾಕಿ ಎಬ್ಬಿಸಿ ಚಪ್ಪಡಿ ತೆಗೆಯುವ ಕಲ್ಲು ಕೆಲಸದವರಿಗೆ ಇದರಲ್ಲಿ ಅರ್ಧ ವಿಜ್ಞಾನ ಆಗಲೇ ಗೊತ್ತು. ಮಾತು ಅಲ್ಲಿಂದ ಶುರುವಾಗಬಹುದಿತ್ತು.

ಕನ್ನಡದಲ್ಲಿ ಆಗದ ಕೆಲಸವೇನಲ್ಲ ಇದು. ಇದೇ ಜಿಲ್ಲೆಯ ಶಿರಾ ಸೀಮೆಯ ಟಿ. ಆರ್. ಅನಂತರಾಮು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದುಕೊಂಡೇ ಸಾಮಾನ್ಯ ಓದುಗರಿಗಾಗಿ ಬರೆದವರು. ತೊಂದರೆಯೆಂದರೆ, ಒಬ್ಬರು ಬರೆದರು ಎಂದು ಉಳಿದವರು ನಿರಾಳವಾಗಿಬಿಟ್ಟರು.

ಅದರ ಬೆಲೆ ತೆರುವವರು ಬೋರ್‌ವೆಲ್ ಕೊರೆಸುವ ರೈತರು. ಈ ಕಡೆಯ ಗಟ್ಟಿ ಕಲ್ಲಿನಲ್ಲಿ ನೀರಿರುವುದು ಮೇಲಿನ ಕೊಳೆತ ಪದರದಲ್ಲಿ, ಕೆಳಗಿನ ಬಿರುಕಿನಲ್ಲಿ. ವರದಿಗಳಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ, ನಕ್ಷೆ ಸಮೇತ ಇರುತ್ತದೆ. ನೀರು ತೋರಿಸಲು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಬರುವವನು ಹೊಲಕ್ಕೇ ಬರುತ್ತಾನೆ, ಕನ್ನಡದಲ್ಲಿ ಮಾತಾಡುತ್ತಾನೆ, ‘ಇಲ್ಲಿ ಹಾಕ್ಸಿ’ ಎಂದು ಜಾಗ ತೋರಿಸುತ್ತಾನೆ. ಅವನದು ವಿಜ್ಞಾನವಲ್ಲ, ನಿಜ. ಆದರೆ ಲಾರಿ ಕೊರೆಯುತ್ತಿರುವಾಗ ಹೊರಬೀಳುವ ಪುಡಿಯ ಬಣ್ಣವನ್ನೇ ಇಡೀ ಮನೆಯವರು ಕಣ್ಣಿಟ್ಟು ನೋಡುತ್ತಿರುತ್ತಾರಲ್ಲ, ಆ ಪುಡಿ ಏನು ಹೇಳುತ್ತದೆ ಎಂದು ವಿವರಿಸಬಲ್ಲ ಭೂವಿಜ್ಞಾನಿ ಮಾತ್ರ ಅಲ್ಲಿರುವುದಿಲ್ಲ.